ಎದೆಯ ಮೇಲೊಂದು ಪರದೆ, ಪರದೆಯ ಮೇಲೆ ಕನ್ನಡದ ಹೆಸರು: ಬ್ಯಾಜ್ ಪ್ರೋಗ್ರಾಮಿಂಗ್ ಶುರುಮಾಡಲು 15 ಸೂತ್ರಗಳು

ಅಂಗೈಯಲ್ಲಿ ಹಿಡಿಯುವ ಒಂದು ಬೋರ್ಡು, ಅದರ ಮೇಲೊಂದು ಪುಟ್ಟ ಪರದೆ, ಪಕ್ಕದಲ್ಲಿ ಎರಡು ಮೂರು ಗುಂಡಿ, ಹಿಂದೆ ಬ್ಯಾಟರಿ, ಕೊರಳಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ಇದು ಎಲೆಕ್ಟ್ರಾನಿಕ್ ಬ್ಯಾಜ್. ಜಗತ್ತಿನ ಕೆಲವು ದೊಡ್ಡ ತಂತ್ರಜ್ಞಾನ ಸಮಾವೇಶಗಳಲ್ಲಿ ಬಂದವರಿಗೆ ಇಂಥ ಬ್ಯಾಜ್ ಕೊಡುವುದುಂಟು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ಡೆಫ್‌ಕಾನ್ ಸಮಾವೇಶದ ಬ್ಯಾಜಿನೊಳಗೆ ಅದೇ ತಿಂಗಳು ಹೊರಬಂದಿದ್ದ ರಾಸ್ಪ್‌ಬೆರಿ ಪೈ ಕಂಪನಿಯ ಹೊಸ ಚಿಪ್ ಇತ್ತು.

ಅಂಥದ್ದೊಂದು ಬ್ಯಾಜನ್ನು ಬಳ್ಳಾರಿಯ ಡಿಪ್ಲೊಮಾ ವಿದ್ಯಾರ್ಥಿನಿ, ಸಿರುಗುಪ್ಪದ ಪಿಯುಸಿ ಹುಡುಗ, ಕುರುಗೋಡಿನ ಶಾಲಾ ಶಿಕ್ಷಕರು ತಾವೇ ಮಾಡಬಹುದು. ಪ್ರೋಗ್ರಾಮಿಂಗ್ ಕಲಿಕೆಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂದೇ ನನ್ನ ನಂಬಿಕೆ. ಕೆಲಸ ಚಿಕ್ಕದು, ಆದ್ದರಿಂದ ಮುಗಿಯುತ್ತದೆ. ಮುಗಿದದ್ದನ್ನು ಎದೆಗೆ ಹಾಕಿಕೊಂಡು ನಾಲ್ಕು ಜನರ ಮುಂದೆ ಓಡಾಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹೆಸರನ್ನು ಇಂಗ್ಲಿಷಿನಲ್ಲಿ ತೋರಿಸಲು ಒಂದು ಸಾಲು ಸಾಕು, ಕನ್ನಡದಲ್ಲಿ ತೋರಿಸಲು ಯಂತ್ರದ ಒಳಗನ್ನೇ ಅರಿಯಬೇಕು. ಆ ಕಷ್ಟವೇ ನಿಮಗೆ ಪಾಠ ಹೇಳುವ ಮೇಷ್ಟ್ರು.

1. ಗುರಿ ಒಂದೇ ಇರಲಿ

ಮೊದಲ ಬ್ಯಾಜಿನ ಗುರಿಯನ್ನು ಒಂದು ಸಾಲಿನಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ: ‘ಬ್ಯಾಟರಿ ಹಾಕಿದೊಡನೆ ನನ್ನ ಹೆಸರು ಕನ್ನಡದಲ್ಲಿ ಮೂಡಬೇಕು.’ ಅಷ್ಟೇ. ಹವಾಮಾನ, ಆಟ, ವೈಫೈ, ಹಾಡು ಎಲ್ಲ ಆಮೇಲೆ. ಈ ಒಂದು ಸಾಲಿನೊಳಗೇ ಫರ್ಮ್‌ವೇರ್ (ಬೋರ್ಡಿನ ಮೂಲ ತಂತ್ರಾಂಶ) ತುಂಬುವುದು, ತಂತಿ ಜೋಡಿಸುವುದು, ಕೋಡ್ ಬರೆಯುವುದು, ಅಕ್ಷರ ಬಿಡಿಸುವುದು, ವಿದ್ಯುತ್ ಲೆಕ್ಕ ಹಾಕುವುದು ಎಲ್ಲವೂ ಅಡಗಿವೆ. ಅರ್ಧಕ್ಕೆ ಬಿಟ್ಟ ಹತ್ತು ಪ್ರಾಜೆಕ್ಟ್‌ಗಳಿಗಿಂತ ತುದಿ ಮುಟ್ಟಿಸಿದ ಒಂದು ಬ್ಯಾಜ್ ಹೆಚ್ಚು ಕಲಿಸುತ್ತದೆ.

2. ಮೊದಲ ಬೋರ್ಡು ಅಗ್ಗದ್ದಿರಲಿ, ಹೆಸರಾಂತದ್ದಿರಲಿ

ಸಿದ್ಧ ಬ್ಯಾಜ್‌ಗಳು ಸಿಗುತ್ತವೆ. ಬ್ರಿಟನ್ನಿನ ಪಿಮೊರೊನಿ ಕಂಪನಿ 2022ರಲ್ಲಿ ತಂದ ಬ್ಯಾಜರ್ 2040ರಲ್ಲಿ 2.9 ಇಂಚಿನ ಇ-ಪೇಪರ್ ಪರದೆ, ಗುಂಡಿಗಳು, ಬ್ಯಾಟರಿ ಸಾಕೆಟ್ ಎಲ್ಲ ಒಂದೇ ಬೋರ್ಡಿನಲ್ಲಿವೆ. ಚೆನ್ನಾಗಿದೆ, ಆದರೆ ಹೊರದೇಶದಿಂದ ತರಿಸಿದರೆ ಬೆಲೆ ಏರುತ್ತದೆ. ಕಲಿಯುವವರಿಗೆ ಬಿಡಿಭಾಗಗಳೇ ಲೇಸು.

ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಂತು. ಅದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್, 264 ಕಿಲೊಬೈಟ್ ರ್‍ಯಾಮ್ ಇದೆ. ಬೋರ್ಡಿನಲ್ಲಿ 2 ಮೆಗಾಬೈಟ್ ಫ್ಲ್ಯಾಶ್. ಇದರ ಜೊತೆಗೆ 0.96 ಇಂಚಿನ, 128×64 ಪಿಕ್ಸೆಲ್‌ಗಳ ಒಎಲ್‌ಇಡಿ ಪರದೆ, ಒಂದು ಬ್ರೆಡ್‌ಬೋರ್ಡ್, ಜಂಪರ್ ತಂತಿಗಳು, ಎರಡು ಪುಶ್ ಬಟನ್. ಎಲ್ಲ ಸೇರಿ ಸಾಮಾನ್ಯವಾಗಿ ಸಾವಿರ ರೂಪಾಯಿ ದಾಟದು. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವವರಿದ್ದರೆ ತರಿಸಿಕೊಳ್ಳಿ, ಇಲ್ಲವೇ ಆನ್‌ಲೈನ್‌ನಲ್ಲಿ ಕೊಳ್ಳಿ. ಪಿನ್‌ಗಳನ್ನು ಮೊದಲೇ ಸೋಲ್ಡರ್ ಮಾಡಿದ ಬೋರ್ಡನ್ನೇ ಕೇಳಿ. ಬರೀ ಬೋರ್ಡು ಬಂದಿದ್ದರೆ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯವರನ್ನು ಕೇಳಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಅದೂ ಒಂದು ಪಾಠ.

ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. 6ರಿಂದ 12ನೇ ತರಗತಿಯ ಮಕ್ಕಳು ತಾವೇ ಕೈಯಿಂದ ಮಾಡಿ ಕಲಿಯಲೆಂದೇ ಕೇಂದ್ರ ಸರ್ಕಾರ ಈ ಪ್ರಯೋಗಾಲಯಗಳಿಗೆ ಹಣ ಕೊಡುತ್ತದೆ. ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂನಂಥ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಅಕ್ಕ, ಅಣ್ಣಂದಿರು ಪರಿಚಯವಿದ್ದರೆ ಅವರ ಬಳಿ ಮೂಲೆ ಸೇರಿರುವ ಬೋರ್ಡೊಂದು ಖಂಡಿತ ಇರುತ್ತದೆ, ಕೇಳಿ ನೋಡಿ.

3. ದುಡ್ಡು ಖರ್ಚು ಮಾಡುವ ಮೊದಲೇ ಕೋಡ್ ಬರೆಯಿರಿ

ಬೋರ್ಡು ಅಂಚೆಯಲ್ಲಿ ಬರುವವರೆಗೆ ಕೈಕಟ್ಟಿ ಕೂರಬೇಡಿ. ವೋಕ್ವಿ ಎಂಬ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಓಡುತ್ತದೆ. ಪಿಕೊ ಬೋರ್ಡು, ಪುಟ್ಟ ಒಎಲ್‌ಇಡಿ ಪರದೆ, ಗುಂಡಿ, ತಂತಿ ಎಲ್ಲವನ್ನೂ ಕಂಪ್ಯೂಟರಿನ ಪರದೆಯ ಮೇಲೇ ಜೋಡಿಸಿ, ಕೋಡ್ ಬರೆದು ಓಡಿಸಬಹುದು. ಅಲ್ಲಿ ತಂತಿ ತಪ್ಪಾದರೆ ಏನೂ ಸುಡುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ಒಂದು ಗೆರೆ, ಒಂದು ಚೌಕ, ಒಂದು ಇಂಗ್ಲಿಷ್ ಪದ ಮೂಡಿಸಿದವರಿಗೆ ನಿಜವಾದ ಬೋರ್ಡು ಕೈಗೆ ಬಂದಾಗ ಹೆದರಿಕೆ ಇರುವುದಿಲ್ಲ.

4. ಕೇಬಲ್ ಪರೀಕ್ಷಿಸಿ, ಆಮೇಲೆ ಬೋರ್ಡನ್ನು ದೂರಿ

‘ಕಂಪ್ಯೂಟರಿಗೆ ಬೋರ್ಡು ಕಾಣುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಯುಎಸ್‌ಬಿ ಕೇಬಲ್. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಆ ಕೇಬಲ್‌ನಿಂದ ಫೋನಿನ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಲು ಆಗುತ್ತದೆಯೇ ನೋಡಿ. ಹಾಕಲಾದರೆ ಅದು ಡೇಟಾ ಕೇಬಲ್.

ಈಗ ಪಿಕೊ ಮೇಲಿನ ಬೂಟ್‌ಸೆಲ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಕೇಬಲ್ ಚುಚ್ಚಿ, ಆಮೇಲೆ ಗುಂಡಿ ಬಿಡಿ. ಬೋರ್ಡು ಪೆನ್‌ಡ್ರೈವ್‌ನಂತೆ ಕಾಣಿಸುತ್ತದೆ. ಮುಂದಿನ ಸೂತ್ರದಲ್ಲಿ ಹೇಳುವ ಮೈಕ್ರೊಪೈಥಾನ್‌ನ ಯುಎಫ್2 ಕಡತವನ್ನು ಅದರೊಳಗೆ ಎಳೆದು ಹಾಕಿದರೆ ಡ್ರೈವ್ ತಾನಾಗಿ ಮಾಯವಾಗುತ್ತದೆ. ಅದು ಕೆಟ್ಟದ್ದಲ್ಲ, ಫರ್ಮ್‌ವೇರ್ ಕೂತಿದೆ ಎಂಬುದರ ಗುರುತು. ಸಾಮಾನ್ಯ ಪಿಕೊಗೆ ಒಂದು ಕಡತ, ವೈಫೈ ಇರುವ ಪಿಕೊ ಡಬ್ಲ್ಯುಗೆ ಇನ್ನೊಂದು. ಹೆಸರು ನೋಡಿ ಇಳಿಸಿಕೊಳ್ಳಿ.

5. ಮೈಕ್ರೊಪೈಥಾನ್‌ನಿಂದ ಶುರುಮಾಡಿ, ಸಿ ಭಾಷೆ ಆಮೇಲೆ ಬರಲಿ

ಡೇಮಿಯನ್ ಜಾರ್ಜ್ ಎಂಬ ಭೌತವಿಜ್ಞಾನಿ 2013ರಲ್ಲಿ ಜನರಿಂದ ಹಣ ಕೂಡಿಸಿ ಶುರುಮಾಡಿದ ಮೈಕ್ರೊಪೈಥಾನ್, ಪೈಥಾನ್ ಭಾಷೆಯನ್ನು ಪುಟ್ಟ ಚಿಪ್‌ಗಳೊಳಗೆ ಇಳಿಸಿತು. ಇದರ ದೊಡ್ಡ ಲಾಭ ತಕ್ಷಣದ ಉತ್ತರ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಬೋರ್ಡು ಆಗಲೇ ಅದನ್ನು ಮಾಡಿ ತೋರಿಸುತ್ತದೆ. ಕಂಪೈಲ್ ಆಗುವವರೆಗೆ ಕಾಯುವುದಿಲ್ಲ.

ಕೋಡ್ ಬರೆಯಲು ಥಾನಿ ಎಂಬ ಉಚಿತ ಎಡಿಟರ್ ಸಾಕು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸ ಕಲಿಕೆಯವರಿಗೆಂದೇ ಹುಟ್ಟಿದ ತಂತ್ರಾಂಶ ಅದು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಬಲಗಡೆಯ ಕೆಳಮೂಲೆಯಲ್ಲಿ ನಿಮ್ಮ ಬೋರ್ಡಿನ ಹೆಸರನ್ನು ಆರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೋಡ್ ಕಂಪ್ಯೂಟರಿನಲ್ಲೇ ಓಡಿ, ಬೋರ್ಡು ಸುಮ್ಮನೆ ಕೂತಿರುತ್ತದೆ.

6. ಮೊದಲು ದೀಪ, ಆಮೇಲೆ ಪರದೆ

ಬೋರ್ಡಿನ ಮೇಲೇ ಇರುವ ಪುಟ್ಟ ಎಲ್‌ಇಡಿಯನ್ನು ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸಿ. ಸಾಮಾನ್ಯ ಪಿಕೊದಲ್ಲಿ ಆ ದೀಪ ಜಿಪಿ25 ಎಂಬ ಪಿನ್‌ಗೆ ಸೇರಿದೆ. ಪಿಕೊ ಡಬ್ಲ್ಯುನಲ್ಲಿ ಹಾಗಲ್ಲ, ದೀಪ ವೈಫೈ ಚಿಪ್ಪಿನ ಮೂಲಕ ಹೋಗುತ್ತದೆ. ಅಲ್ಲಿ ಪಿನ್‌ನ ಸಂಖ್ಯೆಯ ಬದಲು ‘ಎಲ್‌ಇಡಿ’ ಎಂಬ ಹೆಸರನ್ನೇ ಬರೆಯಬೇಕು. ದೀಪ ಹತ್ತಿತೆಂದರೆ ಕೇಬಲ್, ಫರ್ಮ್‌ವೇರ್, ಎಡಿಟರ್, ಬೋರ್ಡ್ ನಾಲ್ಕೂ ಸರಿಯಿವೆ ಎಂದು ಖಾತ್ರಿ. ಇನ್ನು ಮುಂದೆ ಏನಾದರೂ ಕೆಲಸ ಮಾಡದಿದ್ದರೆ ತಪ್ಪು ಹೊಸದಾಗಿ ಸೇರಿಸಿದ್ದರಲ್ಲಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ: ಈ ಶಿಸ್ತು ನಿಮ್ಮ ವಾರಗಟ್ಟಲೆ ಸಮಯ ಉಳಿಸುತ್ತದೆ.

7. ನಾಲ್ಕೇ ತಂತಿ, ಆದರೆ ಕಣ್ಣಿಟ್ಟು ಜೋಡಿಸಿ

ಒಎಲ್‌ಇಡಿ ಪರದೆಗೆ ಬೇಕಾದ್ದು ನಾಲ್ಕು ತಂತಿ: ಗ್ರೌಂಡ್, 3.3 ವೋಲ್ಟ್, ಡೇಟಾ, ಕ್ಲಾಕ್. ಪಿಕೊದಲ್ಲಿ 3.3 ವೋಲ್ಟ್ ಸಿಗುವುದು 36ನೇ ಕಾಲಿನಲ್ಲಿ, ಗ್ರೌಂಡ್ 38ನೇ ಕಾಲಿನಲ್ಲಿ. ಡೇಟಾವನ್ನು ಜಿಪಿ4ಕ್ಕೂ ಕ್ಲಾಕನ್ನು ಜಿಪಿ5ಕ್ಕೂ ಕೊಡಿ.

ಎಚ್ಚರ: ಕೆಲವು ಪರದೆಗಳಲ್ಲಿ ಮೊದಲ ಕಾಲು ಗ್ರೌಂಡ್, ಎರಡನೆಯದು ವಿದ್ಯುತ್, ಇನ್ನು ಕೆಲವುಗಳಲ್ಲಿ ಅದಲುಬದಲು. ಯೂಟ್ಯೂಬ್ ವಿಡಿಯೊದಲ್ಲಿ ಕಂಡ ಕ್ರಮವನ್ನು ನಂಬಬೇಡಿ, ನಿಮ್ಮ ಪರದೆಯ ಮೇಲೆ ಅಚ್ಚಾದದ್ದನ್ನು ಓದಿ. ಪಿಕೊದ ಸಿಗ್ನಲ್ ಪಿನ್‌ಗಳು 3.3 ವೋಲ್ಟ್‌ನವು, ಅವಕ್ಕೆ 5 ವೋಲ್ಟ್ ಮುಟ್ಟಿಸಬೇಡಿ.

ಜೋಡಿಸಿದ ಮೇಲೆ, ಡೇಟಾ-ಕ್ಲಾಕ್ ತಂತಿಗಳಲ್ಲಿ ಯಾವ ಸಾಧನವಿದೆ ಎಂದು ಹುಡುಕುವ ಐ2ಸಿ ಸ್ಕ್ಯಾನ್ ಎಂಬ ಆಜ್ಞೆ ಕೊಡಿ. ಸಾಮಾನ್ಯವಾಗಿ 60 ಎಂಬ ಸಂಖ್ಯೆ ಬರುತ್ತದೆ. ಅದು ಪರದೆಯ ವಿಳಾಸ. ಖಾಲಿ ಪಟ್ಟಿ ಬಂದರೆ ಕೋಡ್ ತಿದ್ದಲು ಹೋಗಬೇಡಿ, ತಂತಿ ನೋಡಿ. ನಡುವೆ 5ನೇ ಸಂಖ್ಯೆಯ ದೋಷ ಕಂಡರೂ ಅರ್ಥ ಅದೇ: ಆ ಕಡೆಯಿಂದ ಉತ್ತರ ಬಂದಿಲ್ಲ, ಎಲ್ಲೋ ತಂತಿ ಸಡಿಲಾಗಿದೆ.

ಇನ್ನೊಂದು ಮಾತು. 0.96 ಇಂಚಿನ ಪರದೆಗಳಲ್ಲಿ ಹೆಚ್ಚಾಗಿ ಎಸ್‌ಎಸ್‌ಡಿ1306 ಚಿಪ್ ಇರುತ್ತದೆ, 1.3 ಇಂಚಿನವುಗಳಲ್ಲಿ ಎಸ್‌ಎಚ್1106. ಎರಡನೆಯದರ ಒಳಗಿನ ಮೆಮೊರಿ 132 ಕಾಲಂ ಅಗಲ. ಒಂದರ ಡ್ರೈವರನ್ನು (ಪರದೆ ನಡೆಸುವ ಕೋಡನ್ನು) ಇನ್ನೊಂದಕ್ಕೆ ಹಾಕಿದರೆ ಚಿತ್ರ ಪಕ್ಕಕ್ಕೆ ಸರಿದು ಅಂಚಿನಲ್ಲಿ ಕಸದಂಥ ಚುಕ್ಕೆಗಳು ಕಾಣುತ್ತವೆ. ಪರದೆ ಕೆಟ್ಟಿದೆ ಎಂದು ಎಸೆಯಬೇಡಿ, ಡ್ರೈವರ್ ಬದಲಿಸಿ.

8. ಅಕ್ಷರಕ್ಕೆ ಮೊದಲು ಚುಕ್ಕೆ ಕಲಿಯಿರಿ

ಪರದೆ ಎಂದರೆ ಚುಕ್ಕೆಗಳ ಸಾಲು. ಬಳ್ಳಾರಿಯ ಅಂಗಳಗಳಲ್ಲಿ ದಿನಾ ಬೆಳಗ್ಗೆ ಚುಕ್ಕೆ ಇಟ್ಟು ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಡ ಮೇಲ್ಮೂಲೆ ಸೊನ್ನೆ, ಸೊನ್ನೆ. ಬಲಕ್ಕೆ ಹೋದಂತೆ ಮೊದಲ ಸಂಖ್ಯೆ ಏರುತ್ತದೆ, ಕೆಳಕ್ಕೆ ಇಳಿದಂತೆ ಎರಡನೆಯದು.

128×64 ಅಂದರೆ 8,192 ಚುಕ್ಕೆ. ಹೊತ್ತಿದೆಯೋ ಆರಿದೆಯೋ ಎಂದು ನೆನಪಿಡಲು ಒಂದು ಚುಕ್ಕೆಗೆ ಒಂದು ಬಿಟ್ ಸಾಕು. 8 ಬಿಟ್‌ಗೆ ಒಂದು ಬೈಟ್ ಎಂದರೆ ಇಡೀ ಪರದೆಗೆ 1,024 ಬೈಟ್. ಬ್ಯಾಜರ್ 2040ರ 296×128 ಪರದೆಗೆ ಇದೇ ಲೆಕ್ಕದಲ್ಲಿ 4,736 ಬೈಟ್. ಪಿಕೊದ 264 ಕಿಲೊಬೈಟ್ ರ್‍ಯಾಮ್‌ನಲ್ಲಿ ಇಂಥ ಎಷ್ಟೋ ಚಿತ್ರಗಳು ಹಿಡಿಯುತ್ತವೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಮೆಮೊರಿ ಎಂಬುದು ಪರೀಕ್ಷೆಗೆ ಉರುಹಚ್ಚುವ ವ್ಯಾಖ್ಯೆಯಾಗಿ ಉಳಿಯುವುದಿಲ್ಲ.

ನಾಲ್ಕು ಮೂಲೆಯಲ್ಲಿ ನಾಲ್ಕು ಚುಕ್ಕೆ ಹೊತ್ತಿಸಿ. ಅಂಚಿಗೊಂದು ಚೌಕಟ್ಟು ಎಳೆಯಿರಿ. ಪ್ರತಿ ಸಲವೂ ಕೊನೆಗೆ ‘ಶೋ’ ಆಜ್ಞೆ ಕೊಡಿ. ನೀವು ಬಿಡಿಸುವುದು ಮೆಮೊರಿಯೊಳಗೆ; ಶೋ ಎಂದಾಗ ಮಾತ್ರ ಅದು ಪರದೆಗೆ ಬರುತ್ತದೆ.

9. ಕನ್ನಡ ಏಕೆ ಮೂಡುವುದಿಲ್ಲ ಎಂದು ಮೊದಲು ತಿಳಿಯಿರಿ

ಮೈಕ್ರೊಪೈಥಾನ್ ಜೊತೆಗೆ ಬರುವ ಅಕ್ಷರಮಾಲೆ ಒಂದೇ: ಒಂದೊಂದು ಅಕ್ಷರಕ್ಕೆ 8×8 ಚುಕ್ಕೆ, ಅದೂ ಇಂಗ್ಲಿಷ್ ಮಾತ್ರ. ಅದಕ್ಕೆ ‘ಬಳ್ಳಾರಿ’ ಎಂದು ಕೊಟ್ಟು ನೋಡಿ. ಒಂದು ಸಾಲಿನ ತುಂಬ ಅರ್ಥವಿಲ್ಲದ ಚೌಕಗಳು.

ಕಾರಣ ಇಲ್ಲಿದೆ. ‘ಬಳ್ಳಾರಿ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಬ, ಳ, ಹಲಂತ, ಳ, ಇಳಿ, ರ, ಗುಡಿಸು ಎಂಬ 7 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಒಟ್ಟು 21. ಬೋರ್ಡು ಒಂದೊಂದು ಬೈಟನ್ನೂ ಒಂದೊಂದು ಇಂಗ್ಲಿಷ್ ಅಕ್ಷರವೆಂದು ತಿಳಿದು 21 ಚೌಕ ಬಿಡಿಸಲು ಹೊರಡುತ್ತದೆ. ಪರದೆಯ ಒಂದು ಸಾಲಿನಲ್ಲಿ ಹಿಡಿಯುವುದೇ 16. ಕುರುಗೋಡು 8 ಸಂಕೇತ, 24 ಬೈಟ್. ಸಿರುಗುಪ್ಪ 9 ಸಂಕೇತ, 27 ಬೈಟ್. ನಿಮ್ಮ ಹೆಸರಿನ ಲೆಕ್ಕ ನೀವೇ ಹಾಕಿ.

ಬರೀ ಕನ್ನಡ ಅಕ್ಷರಗಳ ಚಿತ್ರ ತುಂಬಿದರೂ ಮುಗಿಯಲಿಲ್ಲ. ‘ದುರ್ಗಮ್ಮ’ ತೆಗೆದುಕೊಳ್ಳಿ. ಕೊಂಬು ದಕಾರಕ್ಕೆ ಅಂಟಬೇಕು, ಮಕಾರದ ಒತ್ತು ಕೆಳಗೆ ಕೂರಬೇಕು. ಗಕಾರಕ್ಕಿಂತ ಮೊದಲು ಬರುವ ರಕಾರ ಅರ್ಕಾವತ್ತಾಗಿ ಗಕಾರದ ನಂತರ ನಿಲ್ಲಬೇಕು. ಫೋನು, ಕಂಪ್ಯೂಟರುಗಳಲ್ಲಿ ಈ ಕೆಲಸಕ್ಕೆ ಹಾರ್ಫ್‌ಬಜ್‌ನಂಥ ತಂತ್ರಾಂಶಗಳಿವೆ. ಮೈಕ್ರೊಪೈಥಾನ್‌ನೊಳಗೆ ಅಂಥದ್ದಿಲ್ಲ. ಅದೇ ಪದವನ್ನು ಥಾನಿಯ ಕಿಟಕಿಯಲ್ಲಿ ಪ್ರಿಂಟ್ ಮಾಡಿದರೆ ಕನ್ನಡ ಕಾಣಿಸುತ್ತದೆ. ಅಲ್ಲಿ ಅಕ್ಷರ ಜೋಡಿಸುತ್ತಿರುವುದು ನಿಮ್ಮ ಕಂಪ್ಯೂಟರ್. ಈ ವ್ಯತ್ಯಾಸ ಮನಸ್ಸಿಗೆ ಹಿಡಿದ ದಿನ ನೀವು ಅರ್ಧ ದಾರಿ ದಾಟಿದ್ದೀರಿ.

10. ಹೆಸರನ್ನು ಚಿತ್ರವಾಗಿಸಿ

ಪರಿಹಾರ ಸರಳ: ಅಕ್ಷರ ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಡಿ, ಬ್ಯಾಜಿಗೆ ಸಿದ್ಧ ಚಿತ್ರ ಕೊಡಿ.

ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ 128×64 ಅಳತೆಯ ಬಿಳಿ ಹಾಳೆ ತೆರೆಯಿರಿ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಆರಿಸಿ, ಅಂಚು ನಯಗೊಳಿಸುವ ಆಂಟಿಏಲಿಯಾಸಿಂಗ್ ಆಯ್ಕೆ ತೆಗೆದು, ಕಪ್ಪಿನಲ್ಲಿ ಹೆಸರು ಬರೆಯಿರಿ. ಒತ್ತು ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬಿಡಿ. ಆಮೇಲೆ ಚಿತ್ರವನ್ನು ಕಪ್ಪು-ಬಿಳುಪಿನ 1 ಬಿಟ್‌ಗೆ ಇಳಿಸಿ, ಪಿಬಿಎಂ ಮಾದರಿಯಲ್ಲಿ, ‘ರಾ’ ಆಯ್ಕೆಯೊಂದಿಗೆ ಉಳಿಸಿ. ಥಾನಿಯಿಂದ ಆ ಕಡತವನ್ನು ಬೋರ್ಡಿಗೆ ಕಳಿಸಿ.

ಪಿಬಿಎಂ ಕಡತದ ತಲೆಯಲ್ಲಿ ಅಳತೆ, ಟಿಪ್ಪಣಿ ಇರುತ್ತವೆ. ಚಿತ್ರ ಇರುವುದು ಕೊನೆಯ 1,024 ಬೈಟ್‌ನಲ್ಲಿ. ಆ ಭಾಗವನ್ನಷ್ಟೇ ಓದಿ, ಅಡ್ಡಸಾಲಿನ ಕ್ರಮದ ಫ್ರೇಮ್‌ಬಫರ್ (ಚಿತ್ರ ಹಿಡಿಯುವ ಮೆಮೊರಿ) ಮಾಡಿ, ಪರದೆಗೆ ‘ಬ್ಲಿಟ್’, ಅಂದರೆ ನಕಲು ಮಾಡಿ, ‘ಶೋ’ ಕೊಡಿ. ಪಿಬಿಎಂನಲ್ಲಿ ಕಪ್ಪು ಚುಕ್ಕೆಗೆ 1. ಒಎಲ್‌ಇಡಿಯಲ್ಲಿ 1 ಎಂದರೆ ಬೆಳಕು. ಹಾಳೆಯ ಮೇಲಿನ ಕಪ್ಪು ಹೆಸರು ಪರದೆಯ ಮೇಲೆ ಬೆಳಗುತ್ತದೆ.

ಮೊದಲ ಬಾರಿ ನಿಮ್ಮ ಹೆಸರು ಒತ್ತು, ಕೊಂಬು, ತಲೆಕಟ್ಟು ಸಮೇತ ಮೂಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿ. ಅದು ಹೆಮ್ಮೆ ಪಡಬೇಕಾದ ಕೆಲಸವೇ.

11. ಹಳೆಯ ಕಡತದಿಂದ ಹೆಸರನ್ನು ನಕಲು ಮಾಡಬೇಡಿ

ಶಾಲೆ, ಕಚೇರಿಗಳ ಹಳೆಯ ಕನ್ನಡ ಕಡತಗಳು ಹೆಚ್ಚಾಗಿ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿವೆ. ಅಲ್ಲಿ ಕಾಣುವ ಕನ್ನಡದ ಹಿಂದೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಾಗದ ಗೀಚು ಬರುತ್ತದೆ. ತರಗತಿಗೆಲ್ಲ ಬ್ಯಾಜ್ ಮಾಡುವಾಗ ಹೆಸರಿನ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕೈಗೆ ಕೂತವರಿಗೆ ಅದು ದೊಡ್ಡ ಕೆಲಸವೇನಲ್ಲ. ಪ್ರತಿಯೊಬ್ಬರಿಗೂ ಅವರ ಹೆಸರನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ಎರ್ರಿಸ್ವಾಮಿ ಎಂಬ ಹುಡುಗನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಬ್ಯಾಜ್ ಅವನದಾಗುವುದಿಲ್ಲ.

12. ಗುಂಡಿ ಒತ್ತಿದರೆ ಭಾಷೆ ಬದಲಾಗಲಿ

ಹೆಸರು ಮೂಡಿತು. ಈಗ ಮುಂದಿನ ಹೆಜ್ಜೆ. ಬಳ್ಳಾರಿ ಗಡಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರಿಗೆ ಸೇರಿದ ಈ ಊರಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ನಿಮ್ಮ ಬ್ಯಾಜೂ ಹಾಗೇ ಇರಲಿ: ಮೊದಲು ಕನ್ನಡ, ಗುಂಡಿ ಒತ್ತಿದರೆ ತೆಲುಗು, ಮತ್ತೆ ಒತ್ತಿದರೆ ಉರ್ದು, ಇಂಗ್ಲಿಷ್. ಚಿತ್ರದ ಉಪಾಯ ಎಲ್ಲ ಲಿಪಿಗೂ ಒಂದೇ. ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ಕಂಪ್ಯೂಟರೇ ಜೋಡಿಸಿ ಕೊಡುತ್ತದೆ.

ಗುಂಡಿಯ ಒಂದು ಕಾಲನ್ನು ಪಿನ್‌ಗೆ, ಇನ್ನೊಂದನ್ನು ಗ್ರೌಂಡಿಗೆ ಕೊಟ್ಟು, ಪಿನ್‌ನ ಒಳಗಿನ ಪುಲ್‌ಅಪ್ ಚಾಲೂ ಮಾಡಿ. ಆಗ ಒತ್ತದಿದ್ದಾಗ 1, ಒತ್ತಿದಾಗ 0. ಗುಂಡಿಯೊಳಗಿನ ಲೋಹದ ಪಟ್ಟಿ ಒಂದು ಒತ್ತಿಗೆ ಹಲವು ಸಲ ಅದುರುತ್ತದೆ. ಒಮ್ಮೆ ಒತ್ತಿದರೆ ಎರಡು ಭಾಷೆ ದಾಟಿ ಹೋಗುವುದು ಅದಕ್ಕೇ. ಒತ್ತು ಕಂಡ ಮೇಲೆ 30ರಿಂದ 50 ಮಿಲಿಸೆಕೆಂಡ್ ತಡೆದು ಮತ್ತೆ ಓದಿ, ಬೆರಳು ತೆಗೆಯುವವರೆಗೆ ಕಾಯಿರಿ.

13. ಬಳ್ಳಾರಿ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಕೋಣೆಯೊಳಗೆ ಮಿಂಚುವ ಒಎಲ್‌ಇಡಿ ನಡುಮಧ್ಯಾಹ್ನದ ಬಯಲಲ್ಲಿ ಮಂಕಾಗುತ್ತದೆ. ಇ-ಪೇಪರ್ ಅದಕ್ಕೆ ತದ್ವಿರುದ್ಧ. ಬೆಳಕು ಹೆಚ್ಚಿದಷ್ಟೂ ಓದಲು ಸಲೀಸು, ಅಚ್ಚಾದ ಕಾಗದದ ಹಾಗೆ. ವಿದ್ಯುತ್ ತೆಗೆದರೂ ಚಿತ್ರ ಉಳಿಯುತ್ತದೆ, ಬದಲಾಗುವಾಗ ಮಾತ್ರ ವಿದ್ಯುತ್ ಬೇಕು. ಆದರೆ ಅದು ನಿಧಾನ. ಬದಲಾಗುವಾಗ ಮಿಣುಕುತ್ತದೆ, ಅರೆಬರೆ ಬದಲಿಸುತ್ತಾ ಹೋದರೆ ಹಳೆಯ ಚಿತ್ರದ ನೆರಳು ಉಳಿಯುತ್ತದೆ. ಆಗಾಗ ಪರದೆಯನ್ನು ಪೂರ್ತಿ ಬದಲಿಸಿ. ಒಳಾಂಗಣದ ಕಾರ್ಯಕ್ರಮಕ್ಕೆ ಒಎಲ್‌ಇಡಿ, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಸ್ವಯಂಸೇವಕರಿಗೆ ಇ-ಪೇಪರ್. ಕೆಲಸ ನೋಡಿ ಪರದೆ ಆರಿಸಿ.

ಇಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಇ-ಪೇಪರ್ ಪರದೆಗಳ ಮಿತಿ 50 ಡಿಗ್ರಿ. ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಶಾಖ ಅದನ್ನೂ ಮೀರುತ್ತದೆ, ಬ್ಯಾಜನ್ನು ಅಲ್ಲಿ ಬಿಡಬೇಡಿ. ಲಿಥಿಯಂ ಬ್ಯಾಟರಿಯಂತೂ ಸುತರಾಂ ಬೇಡ; ಅದನ್ನು ಬಿಸಿಲಲ್ಲಿ ಚಾರ್ಜ್ ಮಾಡುವುದೂ ಅಪಾಯ.

ಹೊಸಬರಿಗೆ ಮೂರು ಎಎಎ ಸೆಲ್‌ಗಳ ಪೆಟ್ಟಿಗೆಯೇ ಕ್ಷೇಮ. ಒಟ್ಟು 4.5 ವೋಲ್ಟ್; ಅದನ್ನು ಕೊಡಬೇಕಾದ ಪಿಕೊದ ವಿಸಿಸ್ ಪಿನ್, ಅಂದರೆ 39ನೇ ಕಾಲು, 1.8ರಿಂದ 5.5 ವೋಲ್ಟ್‌ವರೆಗೆ ತಾಳುತ್ತದೆ. ನಡುವೆ ಡಯೋಡ್ ಹಾಕದೆ ಸೆಲ್ ಮತ್ತು ಯುಎಸ್‌ಬಿ ಎರಡನ್ನೂ ಒಟ್ಟಿಗೆ ಚುಚ್ಚಬೇಡಿ. ಬ್ಯಾಜ್ 40 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ 1,000 ಮಿಲಿಆಂಪ್-ಅವರ್ ಸೆಲ್ ಸುಮಾರು 25 ಗಂಟೆ ಬಂದೀತು. ಒಎಲ್‌ಇಡಿಯ ಬೆಳಕು ತಗ್ಗಿಸಿದರೆ ಇನ್ನೂ ಹೆಚ್ಚು. ಸೆಲ್ ಹಾಕಿದೊಡನೆ ಕೋಡ್ ತಾನಾಗಿ ಓಡಬೇಕಾದರೆ ಅದನ್ನು ಬೋರ್ಡಿನೊಳಗೆ ‘ಮೇನ್ ಡಾಟ್ ಪಿವೈ’ ಎಂಬ ಹೆಸರಿನಲ್ಲೇ ಉಳಿಸಬೇಕು.

14. ಹೊದಿಕೆಗೆ ಊರಿನ ಬಟ್ಟೆಯನ್ನೇ ಬಳಸಿ

ಬರಿಯ ಬೋರ್ಡನ್ನು ಕೊರಳಿಗೆ ಹಾಕಿಕೊಂಡರೆ ಬೆವರು ತಗಲುತ್ತದೆ, ತಂತಿ ಕಿತ್ತು ಬರುತ್ತದೆ, ಗಣಿನಾಡಿನ ಕೆಂಧೂಳು ಗುಂಡಿಗಳೊಳಗೆ ಸೇರುತ್ತದೆ. 3ಡಿ ಪ್ರಿಂಟರ್ ಸಿಗಲಿಲ್ಲವೆಂದು ನಿಲ್ಲಬೇಡಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಹೊಲಿಗೆ ಘಟಕಗಳಲ್ಲಿ ಉಳಿಯುವ ಡೆನಿಮ್ ತುಂಡಿನಿಂದ ಪರದೆಯ ಅಳತೆಗೆ ಕಿಟಕಿ ಬಿಟ್ಟ ಪುಟ್ಟ ಚೀಲ ಹೊಲಿಸಿ. ಗಟ್ಟಿ ಬಟ್ಟೆ, ಚೆಂದದ ನೋಟ, ಹತ್ತಾರು ವರ್ಷ ಬಾಳಿಕೆ. ಒಳಗೆ ದಪ್ಪ ರಟ್ಟಿನ ಹಾಳೆ ಇಟ್ಟು ಬೋರ್ಡು ಬಾಗದಂತೆ ನೋಡಿಕೊಳ್ಳಿ. ಲೋಹದ ಗುಂಡಿ, ಜಿಪ್ ಬೋರ್ಡಿಗೆ ತಾಗಬಾರದು. ತಾಗಿದರೆ ಶಾರ್ಟ್ ಆಗುತ್ತದೆ. ಬ್ರೆಡ್‌ಬೋರ್ಡಿನ ತಂತಿಗಳನ್ನು ಹಾಗೇ ಚೀಲಕ್ಕೆ ತುರುಕದೆ, ಈ ಹಂತದಲ್ಲಿ ಸೋಲ್ಡರಿಂಗ್ ಕಲಿತು ನಾಲ್ಕು ತಂತಿಗಳನ್ನು ಭದ್ರವಾಗಿ ಬೆಸೆಯಿರಿ.

15. ಎರಡನೆಯ ಬ್ಯಾಜ್ ಇನ್ನೊಬ್ಬರಿಗಾಗಿ ಮಾಡಿ

ಒಂದು ನೋಟ್‌ಬುಕ್ ಇಡಿ. ಯಾವ ತಂತಿ ಯಾವ ಪಿನ್‌ಗೆ, ಯಾವ ಡ್ರೈವರ್, ಯಾವ ದೋಷ ಬಂತು, ಹೇಗೆ ಹೋಯಿತು ಎಲ್ಲವನ್ನೂ ಕನ್ನಡದಲ್ಲಿ ಬರೆಯಿರಿ. ಕೆಲಸ ಮಾಡುವ ಕೋಡನ್ನು ದಿನಾಂಕ ಹಾಕಿ ಬೇರೆಡೆ ನಕಲು ಮಾಡಿಟ್ಟು, ಆಮೇಲೆ ಹೊಸ ಬದಲಾವಣೆಗೆ ಕೈ ಹಾಕಿ. ಇಂಗ್ಲಿಷ್ ದಸ್ತಾವೇಜು ಓದಲು ತಡವರಿಸುವ ಹುಡುಗನಿಗೆ ನಿಮ್ಮ ಆ ನೋಟ್‌ಬುಕ್ ಪಠ್ಯಪುಸ್ತಕಕ್ಕಿಂತ ಹತ್ತಿರದ್ದು.

ಆಮೇಲೆ ಸುತ್ತ ನೋಡಿ, ಬ್ಯಾಜ್ ಯಾರಿಗೆ ಬೇಕು ಎಂದು. ಜಿಲ್ಲಾ ಆಸ್ಪತ್ರೆಗೆ ಬರುವ ಹಳ್ಳಿಯವರಿಗೆ ದಾರಿ ತೋರಿಸುವ ಸ್ವಯಂಸೇವಕಿಯ ಎದೆಯ ಮೇಲೆ ‘ನನ್ನನ್ನು ಕೇಳಿ’ ಎಂದು ಕನ್ನಡ, ತೆಲುಗು ಎರಡರಲ್ಲೂ ಇದ್ದರೆ ಎಷ್ಟು ಜನರ ಅಲೆದಾಟ ತಪ್ಪೀತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಇಂದಿನ ಭತ್ತದ ದರ ತೋರಿಸುವ ಪುಟ್ಟ ಫಲಕ ಇದೇ ಕೋಡಿನಿಂದ ಆಗುತ್ತದೆ. ಮಾತು ಬಾರದ ಮಗುವಿಗೆ ‘ನೀರು ಬೇಕು’, ‘ಅಮ್ಮನನ್ನು ಕರೆಯಿರಿ’ ಎಂದು ತೋರಿಸುವ ಗುಂಡಿಗಳನ್ನು ಇದೇ ನಾಲ್ಕು ತಂತಿಯಿಂದ ಮಾಡಿಕೊಡಬಹುದು.

ಸಣ್ಣ ಚಿಪ್‌ಗಳೊಳಗೆ ಕನ್ನಡ ತಾನಾಗಿ ಬಂದು ಕೂರುವುದಿಲ್ಲ. ಕನ್ನಡಿಗರು ಒಬ್ಬೊಬ್ಬರಾಗಿ ಕೂರಿಸಬೇಕು. ಇಂದು ಹೆಸರನ್ನು ಚಿತ್ರ ಮಾಡಿ ತೋರಿಸುವವರೇ ನಾಳೆ ಪುಟ್ಟ ಪರದೆಗೆಂದೇ ಕನ್ನಡ ಫಾಂಟ್ ರೂಪಿಸುತ್ತಾರೆ. ನಾಡಿದ್ದು ಒತ್ತು, ಅರ್ಕಾವತ್ತುಗಳನ್ನು ಬೋರ್ಡಿನೊಳಗೇ ಜೋಡಿಸುವ ಲೈಬ್ರರಿ ಬರೆಯುತ್ತಾರೆ. ಆ ಕೆಲಸಕ್ಕೆ ದೊಡ್ಡ ಊರು ಬೇಕಿಲ್ಲ. ಸಾವಿರ ರೂಪಾಯಿಯೊಳಗಿನ ಸಾಮಾನು, ಒಂದು ಹಳೆಯ ಲ್ಯಾಪ್‌ಟಾಪ್, ಹಿಡಿದ ಕೆಲಸ ಬಿಡದ ಛಲ ಇಷ್ಟಿದ್ದರೆ ಸಾಕು. ಈ ಭಾನುವಾರವೇ ಗೆಳೆಯರಿಬ್ಬರನ್ನು ಜೊತೆ ಕರೆದುಕೊಂಡು ಮೊದಲ ದೀಪ ಹೊತ್ತಿಸಿ.